ಧಾರವಾಡಕ್ಕ ಒಯ್ಯೋದು

ನಮ್ಮ ಹಿರೇಕೆರೂರು ಕಡೆ ಒಂದು ಮಾತಿದೆ. ಯಾರಾದರೂ ವಿಪರೀತ ಕುಡಿದು ಹಾದಿಯಲ್ಲಿ ಬೀಳತೊಡಗಿದರೆ, ಇಲ್ಲವೇ ಗಾಂಜಾ ಸೇದಿ ಒಬ್ಬೊಬ್ಬನೇ ಮಾತಾಡಿಕೊಳ್ಳತೊಡಗಿದರೆ, ಮನೆಯ ಹಿರಿಯರು ದನಿ ಇಳಿಸಿ “ಇನ್ನ ಇವನ್ನ ಧಾರವಾಡಕ್ಕ ಒಯ್ಯೋದ” ಅನ್ನುತ್ತಾರೆ. ಧಾರವಾಡ ಅಂದರೆ ನಿಮಗೆ ಪೇಢಾ ನೆನಪಾಗಬಹುದು, ಬೇಂದ್ರೆ ನೆನಪಾಗಬಹುದು. ನಮ್ಮ ಊರುಗಳಲ್ಲಿ ಆ ವಾಕ್ಯದೊಳಗಿನ ಧಾರವಾಡಕ್ಕೆ ಇರೋದು ಒಂದೇ ಅರ್ಥ, ಅಲ್ಲಿಯ ಹುಚ್ಚಾಸ್ಪತ್ರೆ. ಈಗ ಅದರ ಹೆಸರು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಚಿಕ್ಕದಾಗಿ ಡಿಮ್ಹಾನ್ಸ್. ಶುರುವಾದದ್ದು 1845ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. ಅಂದರೆ 1857ರ ದಂಗೆಗೂ ಮೊದಲೇ ನಮ್ಮ ಜಿಲ್ಲೆಯಲ್ಲಿ ಹುಚ್ಚರನ್ನು ಇಡೋ ಕಟ್ಟಡ ಇತ್ತು. ಆಗ ನಮ್ಮದೂ ಧಾರವಾಡ ಜಿಲ್ಲೆಯೇ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಜಿಲ್ಲೆ ಬದಲಾಯಿತು, ಮಾತು ಬದಲಾಗಲಿಲ್ಲ.

ಇದನ್ನೆಲ್ಲ ಓದಲು ಕೂತದ್ದಕ್ಕೆ ಕಾರಣ ಇದೆ. ಹೋದ ವರ್ಷ ನಮ್ಮ ಕಡೆಯ ನಾಲ್ಕಾರು ಹಿರಿಯರು ಸೇರಿ, ನಮ್ಮ ತಾಲ್ಲೂಕಿನಲ್ಲೇ ಕುಡಿತ ಬಿಡಿಸೋ ಒಂದು ಕೇಂದ್ರ ಕಟ್ಟಬೇಕು, ಜನ ಅಲ್ಲೇ ಉಳಿದು ಗುಣ ಆಗಿ ಹೋಗಬೇಕು ಅಂತ ತೀರ್ಮಾನಿಸಿದರು. ಒಬ್ಬರು ರಸ್ತೆ ಬದಿಯ ಎರಡು ಎಕರೆ ಕೊಡ್ತೀನಿ ಅಂದರು. ನನ್ನ ಪಾಲಿಗೆ ಬಂದದ್ದು ಪಿಪಿಟಿ. “ನೀ ಬೆಂಗಳೂರಾಗ ಕಂಪ್ಯೂಟರ್ ಮುಂದ ಕುಂದರಾಂವ. ಛಂದಗೆ ಒಂದು ಮಾಡಿ ಕೊಡು ತಮ್ಮಾ, ದೊಡ್ಡ ಮಂದಿಗೆ ತೋರಿಸಿ ರೊಕ್ಕ ಎತ್ತೂಣು” ಅಂದರು ನಮ್ಮ ಕಾಕಾ. ಮೊದಲ ಸ್ಲೈಡಿಗೆ ಕಟ್ಟಡದ ಚಿತ್ರ ಹಾಕು ಅಂತಲೂ ಹೇಳಿದರು. ನಾನು ಚಿತ್ರ ಹುಡುಕೋದು ಬಿಟ್ಟು, ನಮ್ಮ ಕಡೆ ಕುಡುಕರನ್ನ ಇಷ್ಟು ದಿನ ಎಲ್ಲಿ ಇಡ್ತಿದ್ವಿ ಅಂತ ಹುಡುಕಲು ಹೋದೆ. ಸಿಕ್ಕಿದ್ದು ಈ ಕಥೆ.

ಧಾರವಾಡದಿಂದಲೇ ಶುರು ಮಾಡೋಣ. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆ ಅಂದರೆ ಆಸ್ಪತ್ರೆಗಿಂತ ಹೆಚ್ಚಾಗಿ ಜೈಲಿನ ತಮ್ಮ. ಊರಿಗೆ ತೊಂದರೆ ಕೊಡೋನನ್ನ ಪೊಲೀಸರು ಹಿಡಿದು ತರಬೇಕು, ಮ್ಯಾಜಿಸ್ಟ್ರೇಟ್ ಸಹಿ ಹಾಕಬೇಕು, ಆಮೇಲೆ ಒಳಗೆ. ಬಂದವನಿಗೆ ಯಾಕೆ ಹುಚ್ಚು ಹಿಡಿಯಿತು ಅನ್ನೋ ಕಾಲಮ್ಮನ್ನ ದಾಖಲೆ ಪುಸ್ತಕದಲ್ಲಿ ತುಂಬಬೇಕಿತ್ತು. ತುಂಬೋರಿಗೆ ಏನೂ ತೋಚದಿದ್ದಾಗ ಸುಲಭವಾಗಿ ಬರೀತಿದ್ದ ಉತ್ತರ ಗಾಂಜಾ. ಬ್ರಿಟಿಷ್ ಸರ್ಕಾರ 1893ರಲ್ಲಿ ಗಾಂಜಾ, ಭಂಗಿ, ಚರಸ್ ಬಗ್ಗೆ ಒಂದು ಆಯೋಗ ನೇಮಿಸಿತು. ಅದು ದೇಶದ ಹುಚ್ಚಾಸ್ಪತ್ರೆಗಳ 1892ರ ದಾಖಲೆಗಳನ್ನು ತರಿಸಿಕೊಂಡು ಒಬ್ಬೊಬ್ಬರ ಹಿನ್ನೆಲೆಯನ್ನೂ ಮತ್ತೆ ವಿಚಾರಿಸಿತು. ಆ ವರ್ಷ ಸೇರಿದ್ದ 1,344 ಜನರಲ್ಲಿ ಗಾಂಜಾ ಕಾರಣ ಇರಬಹುದು ಅಂತ ಕೊನೆಗೆ ಉಳಿದವರು 98 ಜನ. ಉಳಿದ ಎಷ್ಟೋ ಕಡೆ ಕಾರಣ ಅಂತ ಬರೆದದ್ದು ಬರೀ ಊಹೆ. ನೂರಮೂವತ್ತು ವರ್ಷದ ಹಿಂದೆ ಒಂದು ವಸಾಹತುಶಾಹಿ ಆಯೋಗ ತೋರಿಸಿದ ಈ ತಾಳ್ಮೆಯನ್ನು ಇವತ್ತಿನ ಟಿವಿ ಚರ್ಚೆಗಳು ತೋರಿಸೋದಿಲ್ಲ, ಬಿಡಿ.

ಕುಡುಕನ ವಿಷಯದಲ್ಲಿ ಮಾತ್ರ ಸರ್ಕಾರಕ್ಕೆ ಇಂಥ ಕುತೂಹಲವೇ ಇರಲಿಲ್ಲ. ಅವನು ರೋಗಿ ಅಲ್ಲ, ಗಿರಾಕಿ. 1878ರ ಮುಂಬೈ ಅಬಕಾರಿ ಕಾಯ್ದೆ ಬಂದ ಮೇಲೆ ಹೆಂಡ ಇಳಿಸೋದು, ಭಟ್ಟಿ ಇಳಿಸೋದು, ಮಾರೋದು ಎಲ್ಲಕ್ಕೂ ಲೈಸೆನ್ಸು, ಎಲ್ಲದಕ್ಕೂ ತೆರಿಗೆ. ಅದಕ್ಕೇ ಸ್ವಾತಂತ್ರ್ಯ ಚಳವಳಿಗೆ ಹೆಂಡದಂಗಡಿ ಬ್ರಿಟಿಷ್ ಖಜಾನೆಯ ಬಾಗಿಲಿನ ಹಾಗೆ ಕಂಡಿತು. ಅಂಗಡಿ ಮುಂದೆ ಪಿಕೆಟಿಂಗ್ ಮಾಡಿದರು, ಈಚಲು ಮರ ಕಡಿದರು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿದೇ ಸತ್ಯಾಗ್ರಹ ಮಾಡಿದರು. ಮರ ಉರುಳಿತು, ಜನ ಜೈಲಿಗೆ ಹೋದರು. ಕುಡಿಯುವವನು ಏನಾದ ಅನ್ನೋದು ಆ ಕಥೆಗಳಲ್ಲಿ ಬರೋದಿಲ್ಲ. ಮರ ಇಲ್ಲದಿದ್ದರೆ ಕುಡಿತವೂ ಇಲ್ಲ ಅನ್ನೋ ನಂಬಿಕೆ ಅದು.

ಸ್ವಾತಂತ್ರ್ಯದ ನಂತರ ಆ ನಂಬಿಕೆಯೇ ಕಾಯ್ದೆಯಾಯಿತು. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ನಡೆಯಲು ಸರ್ಕಾರಗಳಿಗೆ ಹೇಳಿತು. 1949ರ ಮುಂಬೈ ಪಾನನಿಷೇಧ ಕಾಯ್ದೆ ಮುಂಬೈ ಪ್ರಾಂತದ ಭಾಗವಾಗಿದ್ದ ನಮ್ಮ ಜಿಲ್ಲೆಗೂ ಬಂತು. ಆ ಕಾಯ್ದೆಯಲ್ಲಿ ಒಂದು ಸ್ವಾರಸ್ಯ ಇದೆ. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ‘ಆರೋಗ್ಯದ ಪರ್ಮಿಟ್’ ಪಡೆದು ಕುಡಿಯಬಹುದಿತ್ತು. ಕುಡಿಯೋದಕ್ಕೆ ಡಾಕ್ಟರ ಚೀಟಿ ಸಿಗುತ್ತಿತ್ತು, ಬಿಡೋದಕ್ಕೆ ಡಾಕ್ಟರ ಹಾಸಿಗೆ ಇರಲಿಲ್ಲ. ಅಂಥ ಪರ್ಮಿಟ್ ಹಳ್ಳಿಯ ಕೂಲಿಯವನ ಕೈಗೆ ಎಟುಕುವಂಥದ್ದೂ ಆಗಿರಲಿಲ್ಲ. ಅವನಿಗೆ ಬೆಲ್ಲ, ನವಸಾಗರ ಹಾಕಿ ಹೊಲದ ಬದುವಿನಲ್ಲಿ ಇಳಿಸುವ ಕಳ್ಳಭಟ್ಟಿ ಇತ್ತು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಒಂದು ದಶಕ ಕಳೆಯುವಷ್ಟರಲ್ಲಿ ಪಾನನಿಷೇಧ ಸಡಿಲವಾಗಿ, 1965ರ ಅಬಕಾರಿ ಕಾಯ್ದೆಯ ಕೆಳಗೆ ಸಾರಾಯಿ ಅಂಗಡಿಗಳು ವಾಪಸ್ ಬಂದವು. ನಂತರದ್ದು ನಮ್ಮ ಅಪ್ಪಂದಿರ ಕಾಲ. ಹರಾಜು, ಗುತ್ತಿಗೆದಾರರು, ಹಲ್ಲಿನಲ್ಲಿ ಕಚ್ಚಿ ಹರಿಯುವ ಪ್ಯಾಕೆಟ್ ಸಾರಾಯಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಪೂರ್ತಿ ಬಂದ್. ಸಾರಾಯಿ ಹೋಯಿತು, ಕಡಿಮೆ ಬೆಲೆಯ ವಿಸ್ಕಿ ಬಂತು. ಎಂಎಸ್‌ಐಎಲ್ ಹೆಸರಿನ ಸರ್ಕಾರಿ ಮದ್ಯದಂಗಡಿಗಳೂ ಊರೂರಿಗೆ ಬಂದವು. ಈಗ ರಾಜ್ಯಕ್ಕೆ ಅಬಕಾರಿಯಿಂದ ಬರುವ ದುಡ್ಡು ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದು, ಈ ದುಡ್ಡು ಯಾರ ಮನೆಯದು ಅಂತ ಕೇಳಿದರು. ಅವತ್ತು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಲ್ಲಿ ನಾನೂ ಒಬ್ಬ, ನೀವೂ ಇದ್ದಿರಬಹುದು.

ಇಷ್ಟೆಲ್ಲ ಓದಿದ ಮೇಲೂ ಕುಡಿಯುವವನನ್ನ ಕೂರಿಸಿಕೊಂಡು ಮಾತಾಡಿಸಿದವರು ಸಿಗಲಿಲ್ಲ. ಸಿಕ್ಕಿದ್ದು ಮಠದಲ್ಲಿ.

ಇದಕ್ಕೂ ಹಳೆಯ ಬೇರು ಇದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಅನ್ನೋರು ಒಬ್ಬರಿದ್ದರು. ಹೆಂಡ ಮಾರುವ ಕಾಯಕದಿಂದ ಬಂದವರು, ಹೆಂಡದ ಭಾಷೆಯಲ್ಲೇ ವಚನ ಬರೆದವರು. ಏಕಾಂತದ ರಾಮಯ್ಯನ ಅಬಲೂರು ನಮ್ಮ ತಾಲ್ಲೂಕಿನದೇ, ಸರ್ವಜ್ಞನನ್ನೂ ನಮ್ಮವನು ಅಂತೀವಿ. ಹಾಗಾಗಿ ಶರಣರ ಮಾತು ಬಂದರೆ ನಮ್ಮ ಹಿರಿಯರಿಗೆ ಸ್ವಲ್ಪ ಎದೆ ಉಬ್ಬುತ್ತದೆ. ಆದರೆ ನಾನು ಹೇಳಬೇಕೆಂದಿರೋದು ತೀರಾ ಈಚಿನವರ ಬಗ್ಗೆ, ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳ ಬಗ್ಗೆ. ಹುಟ್ಟಿದ್ದು 1930ರ ಆಗಸ್ಟ್ 1, ತೀರಿಕೊಂಡದ್ದು 2018ರ ಮೇನಲ್ಲಿ. 1975ರಲ್ಲಿ ಅವರು ಹೆಗಲಿಗೆ ಒಂದು ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಲು ಶುರು ಮಾಡಿದರು. ಸ್ವಾಮಿಗಳ ಜೋಳಿಗೆಗೆ ಜನ ಜೋಳ ಹಾಕಬೇಕು, ರೊಕ್ಕ ಹಾಕಬೇಕು. ಇವರು ನಿಮ್ಮ ಚಟ ಹಾಕಿ ಅಂದರು. ಬೀಡಿ ಕಟ್ಟು, ಗುಟ್ಕಾ ಚೀಟಿ, ಸಾರಾಯಿ ಪ್ಯಾಕೆಟ್ಟು, ಇಸ್ಪೀಟು ಎಲ್ಲ ಆ ಜೋಳಿಗೆಗೆ ಬಿದ್ದವು. ‘ಮಹಾಂತ ಜೋಳಿಗೆ’ ಅನ್ನೋ ಹೆಸರು ಉತ್ತರ ಕರ್ನಾಟಕದ ಮನೆಮಾತಾಯಿತು. ಅವರ ಹುಟ್ಟಿದ ದಿನವನ್ನು ರಾಜ್ಯ ಸರ್ಕಾರ ಈಗ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ.

ಈ ಜೋಳಿಗೆಯ ಬಗ್ಗೆ ನಮ್ಮಂಥವರಿಗೆ ನಗು ಬರಬಹುದು. ನನಗೂ ಮೊದಲು ಇದು ಬರೀ ಸಾಂಕೇತಿಕ ಅನಿಸಿತ್ತು. ಆದರೆ ಅದರೊಳಗೆ ಒಂದು ದೊಡ್ಡ ಕೆಲಸ ನಡೆದಿದೆ. ಕುಡುಕನ ಓಣಿಗೆ, ಅದರಲ್ಲೂ ದಲಿತ ಕೇರಿಗೆ, ಮಠದ ಸ್ವಾಮಿ ತಾನೇ ನಡೆದು ಬಂದು ಕೈ ಚಾಚಿದ. ಇಲ್ಲಿತನಕ ಎಲ್ಲರೂ ಅವನನ್ನು ಎಲ್ಲಿಗಾದರೂ ಒಯ್ಯೋ ಮಾತಾಡುತ್ತಿದ್ದರು. ಅವನಿರುವಲ್ಲಿಗೆ ಬಂದವರು ಇವರು. ಇನ್ನೊಂದು ಸಂಗತಿ, ಊರ ಮುಂದೆ ಚಟ ಹಾಕಿದವನಿಗೆ ಊರಿನ ಕಣ್ಣೇ ಕಾವಲು. ಇವತ್ತು ನಾವು ಹೆಜ್ಜೆ ಎಣಿಸೋ ಆ್ಯಪಿನಲ್ಲಿ ಗೆಳೆಯರನ್ನ ಸೇರಿಸಿಕೊಳ್ಳೋದಿಲ್ಲವೇ, ಅದರ ಹಳ್ಳಿಯ ರೂಪ.

ಜೋಳಿಗೆಗೆ ಆಗದ ಕೆಲಸವೂ ಒಂದಿದೆ. ಹತ್ತು ಹದಿನೈದು ವರ್ಷ ದಿನಾ ಬೆಳಿಗ್ಗೆಯಿಂದ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ಸುಮ್ಮನಿರೋದಿಲ್ಲ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಲ್ಲದ ಹುಳ, ಇಲ್ಲದ ಮನುಷ್ಯರು ಕಾಣತೊಡಗಬಹುದು. ಆ ಹಂತದಲ್ಲಿ ನೋಡದಿದ್ದರೆ ಜೀವವೇ ಹೋಗಬಹುದು. ಔಷಧ ದೊಡ್ಡ ಗುಟ್ಟೇನಲ್ಲ. ನಡುಕ ಇಳಿಸುವ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ಹೋಗಬೇಕು, ಮೆದುಳು ಉಳಿಸಲು ಥಯಮಿನ್ ಅನ್ನೋ ಬಿ1 ವಿಟಮಿನ್ ಕೊಡಬೇಕು. ಆದರೆ ಅದನ್ನು ಕೊಡಲು ರಾತ್ರಿ ಎರಡು ಗಂಟೆಗೂ ಎದ್ದು ನೋಡುವ ನರ್ಸ್ ಬೇಕು. ನಮ್ಮ ಕಡೆ ಎಷ್ಟೋ ಜನ “ಶಪಥ ಮಾಡಿ ಮೂರೇ ದಿನಕ್ಕ ತಲಿ ಕೆಟ್ಟು, ಮತ್ತ ಕುಡದ” ಅಂತಾರಲ್ಲ, ಅದು ಶಪಥದ ದೋಷ ಅಲ್ಲ, ಮೂರನೇ ದಿನದ ದೋಷ.

ಒಂದು ಔಷಧದ ಕಥೆ ಇಲ್ಲೇ ಹೇಳಿಬಿಡ್ತೀನಿ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು’ ಅನ್ನೋ ಜಾಹೀರಾತು ನೋಡಿದ್ದೀರಲ್ವಾ? ಇಂಥ ಗುಟ್ಟಿನ ಮದ್ದಿನಲ್ಲಿ ಡೈಸಲ್ಫಿರಾಮ್ ಅನ್ನೋ ಮಾತ್ರೆಯ ಪುಡಿಯೂ ಸೇರಿರುತ್ತದೆ. ರಬ್ಬರ್ ಕಾರ್ಖಾನೆಯಲ್ಲಿ ಬಳಸುವ ರಾಸಾಯನಿಕದ ನಂಟಿನದು ಅದು. ಅದರ ಸಂಪರ್ಕಕ್ಕೆ ಬಂದ ಕೆಲಸಗಾರರಿಗೆ ಕುಡಿತವೇ ಒಗ್ಗೋದಿಲ್ಲ ಅಂತ 1930ರ ದಶಕದಲ್ಲೇ ಅಮೆರಿಕದ ಒಬ್ಬ ಡಾಕ್ಟರು ಗಮನಿಸಿದ್ದರು. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅದನ್ನು ಔಷಧ ಮಾಡಿದರು. ತಾನೇ ಒಪ್ಪಿ, ಡಾಕ್ಟರನ್ನು ಕೇಳಿ ತೆಗೆದುಕೊಂಡರೆ ಅದು ಒಳ್ಳೆಯ ಕಾವಲುಗಾರ. ಹೆಂಡತಿ ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ, ಅವನು ಗೊತ್ತಿಲ್ಲದೆ ಕುಡಿದರೆ, ಬಿಪಿ ಇಳಿದು ಎದೆ ನಿಲ್ಲಲೂಬಹುದು. ಆ ಜಾಹೀರಾತು ಓದಿ ಹೋಗುವವರು ಕೆಟ್ಟವರಲ್ಲ, ಬೇರೆ ದಾರಿ ಕಾಣದ ಹೆಣ್ಣುಮಕ್ಕಳು.

ಕಾಕಾನ ಕಟ್ಟಡಕ್ಕೆ ಬರ್ತೀನಿ. ಕುಡುಕರಿಗೆಂದೇ ದೊಡ್ಡದಾಗಿ ಕಟ್ಟಿಸಿದ ಆಸ್ಪತ್ರೆಗಳಲ್ಲಿ ಬಹಳ ಹಳೆಯದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿದೆ. ಜೋಸೆಫ್ ಎಡ್ವರ್ಡ್ ಟರ್ನರ್ ಅನ್ನೋ ಡಾಕ್ಟರು ಕುಡಿತವೂ ರೋಗವೇ ಅಂತ ವಾದಿಸಿ ದುಡ್ಡು ಎತ್ತಿದರು. 1858ರಲ್ಲಿ ಅಡಿಗಲ್ಲು, 1864ರಲ್ಲಿ ಬಾಗಿಲು ತೆರೆಯಿತು. ನೋಡಲು ಥೇಟ್ ಕೋಟೆ, ಬುರುಜು ಗಿರುಜು ಎಲ್ಲ ಇವೆ. ಒಳಗಿನ ಆಡಳಿತ ಮಾತ್ರ ಜಗಳದಲ್ಲೇ ಹೋಯಿತು. 1879ರಲ್ಲಿ ಸರ್ಕಾರ ಅದನ್ನು ಮನೋರೋಗಿಗಳ ಆಸ್ಪತ್ರೆ ಮಾಡಿಬಿಟ್ಟಿತು. ಹದಿನೈದು ವರ್ಷದ ಆಯುಷ್ಯ! ಕಟ್ಟಡ ಇನ್ನೂ ನಿಂತಿದೆ. ಅದೇ ಅಮೆರಿಕದ ಮಿನ್ನೆಸೋಟಾದಲ್ಲಿ 1949ರಲ್ಲಿ ಒಂದು ತೋಟದ ಮನೆಯಲ್ಲಿ ಹೇಝಲ್ಡನ್ ಅನ್ನೋ ಕೇಂದ್ರ ಶುರುವಾಯಿತು. ಶುರುವಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಹಾಸಿಗೆ ನೀವೇ ಮಡಚಿ, ಒಬ್ಬರ ಕಥೆ ಇನ್ನೊಬ್ಬರು ಕೇಳಿ, ಅಷ್ಟೇ ನಿಯಮ. ಜಗತ್ತಿನ ಅರ್ಧ ಕೇಂದ್ರಗಳು ಇವತ್ತು ನಕಲು ಮಾಡೋದು ಆ ತೋಟದ ಮನೆಯನ್ನ, ಕೋಟೆಯನ್ನಲ್ಲ.

ಆ ತೋಟದ ಮನೆಯ ಪಾಠ ಭಾರತಕ್ಕೆ ಬಂದದ್ದು ಒಬ್ಬ ವಿಧವೆಯ ಮೂಲಕ. ಮದ್ರಾಸಿನ ಟಿಟಿಕೆ ಕುಟುಂಬದ ಟಿ.ಟಿ. ರಂಗನಾಥನ್ ಕುಡಿತದಿಂದ 1979ರಲ್ಲಿ ತೀರಿಕೊಂಡರು. ಪ್ರೆಶರ್ ಕುಕ್ಕರ್ ಟಿಟಿಕೆಯೇ ಹೌದು. ದುಡ್ಡಿಗೆ ಕೊರತೆಯಿಲ್ಲದ ಮನೆ. ಅವರ ಹೆಂಡತಿ ಶಾಂತಿ ರಂಗನಾಥನ್ ಹೇಝಲ್ಡನ್‌ನಲ್ಲಿ ತರಬೇತಿ ಪಡೆದು ಬಂದು 1980ರಲ್ಲಿ ಗಂಡನ ಹೆಸರಿನಲ್ಲೇ ಸಂಸ್ಥೆ ಶುರು ಮಾಡಿದರು. ಯಾವ ವಿಷಯವನ್ನ ಮನೆಯವರು ಮುಚ್ಚಿಡ್ತಾರೋ ಅದನ್ನೇ ಗಂಡನ ಹೆಸರಿನ ಬೋರ್ಡಾಗಿ ಬೀದಿಗೆ ಹಾಕಿದರಲ್ಲ, ನನಗೆ ಅದು ಪದ್ಮಶ್ರೀಗಿಂತ ದೊಡ್ಡದಾಗಿ ಕಾಣುತ್ತದೆ. ಪದ್ಮಶ್ರೀಯೂ ಬಂತು, 1992ರಲ್ಲಿ.

ನಮ್ಮ ಹಿರೇಕೆರೂರಿಗೆ ಹತ್ತಿರದ ಸಂಗತಿ ಅವರ ಚೆನ್ನೈ ಆಸ್ಪತ್ರೆ ಅಲ್ಲ, ಮಂಜಕ್ಕುಡಿ. ಕಾವೇರಿ ಬಯಲಿನ ಭತ್ತದ ಊರು ಅದು. ಹಳ್ಳಿಯವರು ಚೆನ್ನೈಗೆ ಬಂದು ತಿಂಗಳುಗಟ್ಟಲೆ ಇರೋದು ಆಗದ ಮಾತು ಅಂತ ಗೊತ್ತಾದ ಮೇಲೆ ಅವರ ತಂಡವೇ ಡಾಕ್ಟರು, ನರ್ಸು, ಆಪ್ತಸಮಾಲೋಚಕರನ್ನು ಕಟ್ಟಿಕೊಂಡು ಊರಿಗೆ ಹೋಯಿತು. ಜಾಗ, ಅಡುಗೆ, ಊಟ ಊರವರದು. ಸುಮಾರು ಎರಡು ವಾರದ ಶಿಬಿರ. ಹೆಂಡತಿಯರಿಗೆ ಬೇರೆ ಕ್ಲಾಸು. ಶಿಬಿರ ಮುಗಿದ ಮೇಲೆ ತಂಡ ಮತ್ತೆ ಮತ್ತೆ ಅದೇ ಊರಿಗೆ ಬಂದು ಹೆಸರು ಕರೆದು ವಿಚಾರಿಸುತ್ತಿತ್ತು. ‘ಬಂದವರಲ್ಲಿ ಎಷ್ಟು ಜನ ಬಿಟ್ಟರು’ ಅನ್ನೋ ಪ್ರಶ್ನೆಗಿಂತ ‘ಬಿಟ್ಟವನು ಬಿದ್ದಾಗ ಯಾರಿಗೆ ಗೊತ್ತಾಗುತ್ತೆ’ ಅನ್ನೋ ಪ್ರಶ್ನೆಯನ್ನು ಅವರು ಮುಂದಿಟ್ಟರು.

ಕನ್ನಡ ನಾಡಿನಲ್ಲಿ ಇದೇ ಬಗೆಯನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದ ಜನಜಾಗೃತಿ ವೇದಿಕೆ. ಹಿಂದಿರುವುದು 1982ರಲ್ಲಿ ಶುರುವಾದ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಜಾಲ. ಬೆಳ್ತಂಗಡಿ ಕಡೆ ಶುರುವಾದ ಮದ್ಯವರ್ಜನ ಶಿಬಿರಗಳು ಘಟ್ಟ ಹತ್ತಿ ನಮ್ಮ ಜಿಲ್ಲೆಗಳಿಗೂ ಬಂದವು. ಲೆಕ್ಕ ಸಾವಿರ ದಾಟಿ ಬಹಳ ದಿನವಾಯಿತು. ಎಂಟು ದಿನದ ಶಿಬಿರ. ಸಮುದಾಯ ಭವನವೋ, ಕಲ್ಯಾಣ ಮಂಟಪವೋ, ಯಾವುದೋ ಒಂದು ಸೂರು. ಊರಿನದೇ ಸಮಿತಿ, ಊರಿನದೇ ಅಕ್ಕಿ ಬೇಳೆ. ಬೆಳಿಗ್ಗೆ ಯೋಗ, ಮಾತು, ಆಟ, ಭಜನೆ. ಆರೋಗ್ಯ ನೋಡೋರು ಜೊತೆಗೆ. ಕೊನೆಗೆ ಮನೆಯವರನ್ನ ಕರೆಸುತ್ತಾರೆ. ಬಿಟ್ಟು ಹೊರಬಂದವರಿಗೆ ‘ನವಜೀವನ’ದ ಸದಸ್ಯರು ಅಂತ ಹೊಸ ಹೆಸರು, ಸಭೆ ಸೇರಲು ಸಮಿತಿ.

ಇದನ್ನು ಹೊಗಳುವಾಗ ಒಂದು ಮಾತು ಸೇರಿಸಬೇಕು. ಎಂಟು ದಿನ ಅಂದರೆ ದೇಹದಿಂದ ವಿಷ ಇಳಿಯುವಷ್ಟು ಸಮಯ, ತಲೆಯೊಳಗಿನ ಆಸೆ ಇಳಿಯುವಷ್ಟಲ್ಲ. ಭಜನೆ ಒಗ್ಗದವರೂ, ಬೇರೆ ಧರ್ಮದವರೂ ನಮ್ಮ ತಾಲ್ಲೂಕಿನಲ್ಲಿ ಕುಡಿಯುತ್ತಾರೆ. ಯಕೃತ್ತು ಹಾಳಾಗಿ ಹೊಟ್ಟೆ ಊದಿಕೊಂಡವನನ್ನು ಕಲ್ಯಾಣ ಮಂಟಪದಲ್ಲಿ ಮಲಗಿಸುವಂತಿಲ್ಲ. ಆದರೂ ಕಟ್ಟಡವೇ ಇಲ್ಲದೆ ನಡೆದ ಕೇಂದ್ರಗಳು ಇವು ಅನ್ನೋದನ್ನ ನಾನು ಪಿಪಿಟಿಯ ಎರಡನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಕಾಕಾಗೆ ಇಷ್ಟವಾಗಲಿಲ್ಲ.

ಡಾಕ್ಟರುಗಳ ಕಡೆಯಿಂದಲೂ ಇಂಥದೇ ಒಂದು ದಾರಿ ತೆರೆದಿತ್ತು, ಅದೂ ಕರ್ನಾಟಕದಲ್ಲೇ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಲ್ಲಿ, ಆಮೇಲೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಮನೋರೋಗ ತಜ್ಞರು ಎಲ್ಲ ಕಡೆ ಇರೋಕಾಗೋದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೇ ಕಲಿಸಿದರೆ ಹೇಗೆ? ಬಳ್ಳಾರಿಯ ಆ ಉತ್ತರವೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಅಂತ ಬೇರೆ ಕೇಂದ್ರ ಬಂದದ್ದು 1991ರಲ್ಲಿ. ಅಲ್ಲಿಯ ತಜ್ಞರೇ, ಕುಡಿತದಿಂದ ಕರ್ನಾಟಕಕ್ಕೆ ಆಗುವ ನಷ್ಟ ಅಬಕಾರಿಯಿಂದ ಬರುವ ವರಮಾನಕ್ಕಿಂತ ಹೆಚ್ಚು ಅಂತ ಲೆಕ್ಕ ಹಾಕಿ ತೋರಿಸಿದರು. ನಮ್ಮ ಹಿರೇಕೆರೂರಿನವರು ಆ ಕಾಲದಲ್ಲಿ ಬೆಂಗಳೂರಿಗೆ ಹೋಗುತ್ತಿದ್ದುದು ಕಡಿಮೆ. ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು; ಶಿಕಾರಿಪುರದ ಮೇಲೆ ಶಿವಮೊಗ್ಗ ಹತ್ತಿರ. ಅಲ್ಲಿ ಡಾ. ಅಶೋಕ್ ಪೈ ಅವರ ಮಾನಸ ನರ್ಸಿಂಗ್ ಹೋಮ್ ಇತ್ತು. ‘ಕಾಡಿನ ಬೆಂಕಿ’ ಸಿನಿಮಾ ಮಾಡಿದ ಅದೇ ಡಾಕ್ಟರು. ಹುಚ್ಚಾಸ್ಪತ್ರೆ ಅನ್ನೋ ಬೋರ್ಡಿಲ್ಲದ ಕಡೆ ಹೋಗೋದು ಮನೆಯವರಿಗೂ ಹಗುರ.

ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವವನು, ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ. ಅವನನ್ನ ಒಯ್ದದ್ದು ದೂರದ ಒಂದು ಊರಿನ ಖಾಸಗಿ ಕೇಂದ್ರಕ್ಕೆ. ರಾತ್ರಿ ಗಾಡಿ ಬಂತು, ನಾಲ್ಕು ಜನ ಇಳಿದರು, ಎತ್ತಿ ಹಾಕಿಕೊಂಡು ಹೋದರು. ಮೂರು ತಿಂಗಳಿಗೆ ಮುಂಗಡ ಕಟ್ಟಿಸಿಕೊಂಡಿದ್ದರು. ಫೋನು ಮಾಡಿದರೆ “ಸೆಟ್ ಆಗ್ಯಾನ್ರೀ” ಅನ್ನುತ್ತಿದ್ದರು. ವಾಪಸ್ ಬಂದಾಗ ಮಣಿಕಟ್ಟಿನಲ್ಲಿ ಹಗ್ಗದ ಕಲೆ ಇತ್ತು. ಹನ್ನೊಂದನೇ ದಿನಕ್ಕೆ ಮತ್ತೆ ಕುಡಿದ. ದೊಡ್ಡಮ್ಮ ಅದರ ನಂತರ ಯಾವ ಆಸ್ಪತ್ರೆಯ ಹೆಸರು ಎತ್ತಿದರೂ ಅಳುತ್ತಿದ್ದಳು. ಅವನು ನಿಜವಾಗಿ ಬಿಟ್ಟದ್ದು ನಾಲ್ಕು ವರ್ಷ ಆದ ಮೇಲೆ, ಒಬ್ಬ ಸರ್ಕಾರಿ ಡಾಕ್ಟರ ಮಾತ್ರೆಯಿಂದ, ಎರಡು ಸಲ ಜಾರಿ ಮೂರನೇ ಸಲಕ್ಕೆ.

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯಲ್ಲಿ ಒಂದು ಖಾಸಗಿ ಮನೋರೋಗಿಗಳ ಮನೆಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ತೆಗೆದುಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಅಂತ ನೇರವಾಗಿ ಬರೆದಿದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಯನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಅಂದರೆ ಕುಡಿತ ಬಿಡಿಸೋ ಕೇಂದ್ರ ಕೂಡ ನೋಂದಣಿ ಆಗಿರಬೇಕು. ಒಳಗಿರುವವನಿಗೆ ಹಕ್ಕುಗಳಿವೆ. ಅವನ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಬೇರೆಯೇ ವಿಧಾನ ಇದೆ. ಡಾಕ್ಟರುಗಳು ನೋಡಿ ಒಪ್ಪಬೇಕು, ದಿನಕ್ಕೆ ಮಿತಿ ಇದೆ. ಗಾಡಿ ತಂದು ಎತ್ತಿಕೊಂಡು ಹೋಗೋದು ಕಾನೂನಿನ ಕಣ್ಣಿನಲ್ಲಿ ಚಿಕಿತ್ಸೆ ಅಲ್ಲ.

ಇದನ್ನ ನಾನು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, “ಕುಡುಕರು ಒಪ್ಪಿ ಬರ್ತಾರೇನಪಾ? ಸ್ವಲ್ಪ ಬಿಗಿ ಬೇಕಾಕ್ಕೈತಿ” ಅಂದರು. ಅಣ್ಣ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನನ್ನ ಕರೆದದ್ದು ‘ಬಿಟ್ಟವರ ಪ್ರತಿನಿಧಿ’ ಅಂತ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದ: “ಬಾಗಲದ ಚಿಲಕ ಒಳಗ ಇಡ್ತೀರೋ, ಹೊರಗ ಇಡ್ತೀರೋ?” ಎಂಜಿನಿಯರ್ ತಂದಿದ್ದ ನಕ್ಷೆಯಲ್ಲಿ ಚಿಲಕ ಇರಲಿಲ್ಲ.

ದೇಶದ ಲೆಕ್ಕ ಗೊತ್ತಿರಲಿ ಅಂತ ಹೇಳ್ತೀನಿ. 2019ರಲ್ಲಿ ಏಮ್ಸ್‌ನ ತಜ್ಞರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ಸಮೀಕ್ಷೆಯ ಪ್ರಕಾರ ಕುಡಿತದಿಂದ ತೊಂದರೆಗೊಳಗಾಗಿ ಸಹಾಯ ಬೇಕಾದವರು ಸುಮಾರು 5.7 ಕೋಟಿ ಜನ. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬನಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಹಾಸಿಗೆ ಸಿಕ್ಕಿದ್ದು 180 ಜನಕ್ಕೆ ಒಬ್ಬನಿಗೆ. ಹಾಗಾಗಿ ಹಾಸಿಗೆ ಬೇಡ ಅನ್ನೋನು ನಾನಲ್ಲ. ಮೂರನೇ ದಿನದ ರಾತ್ರಿಗೆ ಹಾಸಿಗೆ ಬೇಕೇ ಬೇಕು. ಕೇಂದ್ರ ಸರ್ಕಾರದ ಅನುದಾನ 15 ಹಾಸಿಗೆಯ ಕೇಂದ್ರಕ್ಕೂ ಇದೆ. ಅಷ್ಟಕ್ಕೆ ಎರಡು ಎಕರೆ ಬೇಡ. ಬೇಕಾದದ್ದು ಡಾಕ್ಟರು, ನರ್ಸು, ಆಪ್ತಸಮಾಲೋಚಕರು, ಅಡುಗೆಯವರು, ಮತ್ತು ತಾನೇ ಕುಡಿದು ಬಿಟ್ಟ ಒಬ್ಬ. ಇವರ ಸಂಬಳ ತಿಂಗಳು ತಿಂಗಳು ಬರಬೇಕು. ಅಡಿಗಲ್ಲಿಗೆ ದಾನಿಗಳು ಸಿಗ್ತಾರೆ, ಹೆಸರು ಕೆತ್ತಿಸಬಹುದು. ನರ್ಸಿನ ಸಂಬಳದ ಮೇಲೆ ಹೆಸರು ಕೆತ್ತಿಸೋದು ಹೇಗೆ?

ನನ್ನ ಪಿಪಿಟಿ ಈಗ ಏಳನೇ ಆವೃತ್ತಿಗೆ ಬಂದಿದೆ. ಅದರಲ್ಲಿ ಮೊದಲ ಎರಡು ವರ್ಷ ಕಟ್ಟಡ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆ ಕೇಳೋದು, ವಾರಕ್ಕೊಮ್ಮೆ ಮನೋರೋಗ ತಜ್ಞರು ಬರುವ ಹಾಗೆ ಮಾಡೋದು, ನಿಮ್ಹಾನ್ಸ್ ಕೈಜೋಡಿಸಿರುವ ಟೆಲಿ ಮಾನಸ್ 14416 ಮತ್ತು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ನಂಬರುಗಳನ್ನು ಎಪಿಎಂಸಿ, ಗೊಬ್ಬರದಂಗಡಿ, ಬಸ್ ಸ್ಟ್ಯಾಂಡುಗಳಲ್ಲಿ ಆ ಗುಟ್ಟಿನ ಮದ್ದಿನ ಜಾಹೀರಾತಿನ ಪಕ್ಕವೇ ಬರೆಸೋದು. ಗೋವಿನಜೋಳ ಒಕ್ಕಿ ಕೈಗೆ ರೊಕ್ಕ ಬರುವ ತಿಂಗಳುಗಳಲ್ಲಿ ಜಾರುವವರು ಹೆಚ್ಚು ಅಂತ ಅಣ್ಣ ಹೇಳ್ತಾನೆ. ಆಗ ಸಭೆಗಳನ್ನು ವಾರಕ್ಕೆ ಎರಡು ಮಾಡೋದು. ಕಟ್ಟಡದ ಸ್ಲೈಡನ್ನ ತೆಗೆದಿಲ್ಲ, ಕೊನೆಗೆ ಹಾಕಿದ್ದೀನಿ. ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಸಿಟ್ಟೂ ಇಳಿದಿದೆ.

ಕಳೆದ ಸಭೆಗೆ ಮೊದಲ ಸಲ ಹೆಣ್ಣುಮಕ್ಕಳೂ ಬಂದಿದ್ದರು, ಹದಿನಾಲ್ಕು ಜನ. ಕಟ್ಟಡ ಎಲ್ಲಿ, ಎಷ್ಟು ಹಾಸಿಗೆ ಅಂತ ಅವರಲ್ಲಿ ಯಾರೂ ಕೇಳಲಿಲ್ಲ. ತಲೆ ಮೇಲೆ ಸೆರಗು ಹೊದ್ದಿದ್ದ ಒಬ್ಬಾಕೆ, “ಡಾಕ್ಟರು ಬರೋ ದಿನ ಸಂತಿ ದಿನಾನ ಇಡ್ರೀ. ಸಂತಿಗೆ ಹೊಂಟೀನಿ ಅಂದ್ರ ಮನ್ಯಾಗ ಯಾರೂ ಕೇಳೂದಿಲ್ಲ, ಹೆಂಗೂ ಬಸ್ಸಿಗೆ ರೊಕ್ಕ ಇರತೈತಿ” ಅಂದಳು. ಅದನ್ನ ಮೂರನೇ ಸ್ಲೈಡಿಗೆ ಸೇರಿಸಿದ್ದೀನಿ.